ತೊಡೆಯ ಮೇಲೆ ಗಿಟಾರ್, ಲ್ಯಾಪ್‌ಟಾಪ್ ಎಲ್ಲಿ?

ಬಡಿದು ನೋಡದೆ ನನ್ನ ಚಿಕ್ಕಪ್ಪ ಈ ಪ್ರಪಂಚದಲ್ಲಿ ಏನನ್ನೂ ಕೊಂಡವರಲ್ಲ. ತೆಂಗಿನಕಾಯಿ ಸರಿ, ಕಲ್ಲಂಗಡಿ ಸರಿ, ಮಡಕೆಯೂ ಸರಿ. ಆದರೆ ಥಾಣೆಯ ಎ.ಸಿ. ಅಂಗಡಿಯೊಂದರಲ್ಲಿ ಹೊಚ್ಚಹೊಸ ಲ್ಯಾಪ್‌ಟಾಪಿನ ಬೆನ್ನಿಗೆ ಟಕ್ ಟಕ್ ಎಂದು ಬಡಿದು, ಕಿವಿಯಿಟ್ಟು ಕೇಳಿ, "ಒಳಗೆ ಟೊಳ್ಳು" ಎಂದು ತೀರ್ಪು ಕೊಟ್ಟವರು ಬೇರೆ ಯಾರಾದರೂ ಇದ್ದರೆ ತಿಳಿಸಿ. ಅವರಿಗೂ ಒಂದು ನಮಸ್ಕಾರ ಹಾಕಿ ಬರುತ್ತೇನೆ!

ಕೋಪರಖೈರಣೆಯಲ್ಲಿ ಅವರದೊಂದು ಚಿಕ್ಕ ಹೋಟೆಲು. ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತ ಶುರುಮಾಡಿ ಗಲ್ಲಾದವರೆಗೆ ಬಂದವರು. ಅರವತ್ತೆರಡನೆಯ ವಯಸ್ಸಿಗೆ, ಓರಗೆಯವರೆಲ್ಲ ಮೊಣಕಾಲಿನ ಡಾಕ್ಟರನ್ನು ಹುಡುಕುವ ಹೊತ್ತಿಗೆ, ಇವರು ಗಿಟಾರ್ ಮಾಸ್ತರರನ್ನು ಹುಡುಕತೊಡಗಿದರು. ಡೊಂಬಿವಲಿಯಲ್ಲೊಬ್ಬ, ಥಾಣೆಯಲ್ಲೊಬ್ಬ ಸಿಕ್ಕಿದರು, ಇಬ್ಬರೂ ಕೈಮುಗಿದರು. ಹತ್ತೊಂಬತ್ತರ ಪ್ರಾಯದಲ್ಲೇ ಗ್ರೈಂಡರು ಚಿಕ್ಕಪ್ಪನ ಎಡಗೈಯ ಎರಡು ಬೆರಳುಗಳ ತುದಿಯನ್ನು ತಿಂದಿತ್ತು. ಗಿಟಾರಿನ ತಂತಿ ಒತ್ತುವುದೋ ಎಡಗೈ ಕೆಲಸ.

"ಹಾಡೋದು ಕಲೀರಿ ಅಂಕಲ್, ಅದಕ್ಕೆ ಬೆರಳು ಬೇಡ" ಎಂದನಂತೆ ಥಾಣೆಯವನು.

"ಪಾಪ, ಅವ ನನ್ನ ಹಾಡು ಕೇಳ್ಲಿಲ್ಲ" ಎಂದರು ಚಿಕ್ಕಪ್ಪ.

ಸುಮ್ಮನಾದರೇ? ತಂತಿಗಳನ್ನೆಲ್ಲ ಬಿಚ್ಚಿ, ಹಿಂದುಮುಂದಾಗಿ ಕಟ್ಟಿಸಿ, ಗಿಟಾರನ್ನು ಎಡಚರ ಹಾಗೆ ತಿರುಗಿಸಿ ಹಿಡಿದರು. ಈಗ ತಂತಿ ಒತ್ತುವುದು ಬಲಗೈ, ಮೀಟುವುದು ಎಡಗೈ! ಖಾರಘರದ ಒಬ್ಬ ಹುಡುಗಿ ಆನ್‌ಲೈನಿನಲ್ಲಿ ಕಲಿಸಲು ಒಪ್ಪಿದಳು. "ನಾನು ಎಡಚ" ಎಂದಷ್ಟೇ ಹೇಳಿದ್ದರು. ಬೆರಳಿನ ವಿಷಯ ಬಾಯಿಬಿಟ್ಟಿರಲಿಲ್ಲ. ಭಾನುವಾರ ಮೊದಲ ಪಾಠ. ಫೋನಿನಲ್ಲಾದರೆ ಅವಳ ಬೆರಳುಗಳು ಜೀರಿಗೆಯಷ್ಟೇ ಕಂಡಾವು. ದೊಡ್ಡ ಪರದೆ ಬೇಕಾಯಿತು. ನಾನು ಬೇಲಾಪುರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು, ಅಷ್ಟಕ್ಕೇ ತಜ್ಞೆಯಾಗಿಬಿಟ್ಟೆ!

ಶನಿವಾರ ಚಿಕ್ಕಪ್ಪ ಗಿಟಾರನ್ನು ಹೆಗಲಿಗೇರಿಸಿಕೊಂಡೇ ಹೊರಟರು. ಥಾಣೆಯಲ್ಲಿ ಆ ಟೊಳ್ಳಿನ ತೀರ್ಪಾದ ಮೇಲೆ ಅಂಗಡಿಯ ಕುರ್ಚಿಯಲ್ಲಿ ಕೂತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದರು.

"ಲ್ಯಾಪ್‌ಟಾಪ್ ಅಂದ್ರೆ ತೊಡೆ ಮೇಲೆ ಇಡುವುದಲ್ವಾ ಮಾರಾಯ್ತಿ? ತೊಡೆ ಮೇಲೆ ಗಿಟಾರ್ ಉಂಟು. ಇದನ್ನು ಎಲ್ಲಿ ಇಡುದು, ತಲೆ ಮೇಲಾ?"

"ಮೇಜಿನ ಮೇಲೆ ಇಡಬಹುದು ಚಿಕ್ಕಪ್ಪ."

"ಮತ್ತೆ ಹೆಸರು ಯಾಕೆ ಹಾಗೆ?"

ಅಂಗಡಿಯವನು ಇನ್ನೊಂದನ್ನು ತಂದ. "ಕಾಕಾ, ಇದು ಗೇಮಿಂಗ್‌ಗೆ ನಂಬರ್ ಒನ್!"

"ನಂಗೆ ಆಟ ಬೇಡ, ಪಾಠ ಬೇಕು" ಎಂದರು ಚಿಕ್ಕಪ್ಪ. ಆಮೇಲೆ ಕೀಲಿಗಳ ಸಂದಿಯಲ್ಲಿ ಉಗುರಾಡಿಸಿ, "ಇದರೊಳಗೆ ದೋಸೆ ಹಿಟ್ಟು ಹೋದ್ರೆ ತೊಳೆಯುವುದು ಹೇಗೆ?" ಎಂದು ಕೇಳಿದರು. ಅವನು ನನ್ನನ್ನು ನೋಡಿದ. ನಾನು ಛಾವಣಿಯನ್ನು ನೋಡಿದೆ!

ವಾಶಿಯ ಅಂಗಡಿಯಲ್ಲಿ ಟ್ಯಾಬ್ಲೆಟ್ಟಿನ ಸರದಿ. ಬಡಿದಾಯಿತು. ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮೂಗಿನ ತುದಿಗೆ ಕನ್ನಡಕ ಜಾರಿಸಿ, ಗಿಟಾರ್ ಹಿಡಿದು ಎರಡು ಅಡಿ ದೂರ ಕೂತದ್ದಾಯಿತು. ನಾನು ಯಾವುದೋ ಪಾಠದ ವೀಡಿಯೊ ಹಾಕಿದೆ. ಚಿಕ್ಕಪ್ಪ ನೋಡಿದರು, ತಮ್ಮ ಗಿಟಾರ್ ನೋಡಿಕೊಂಡರು, ಮತ್ತೆ ನೋಡಿದರು.

"ಅರೆ! ಅವನ ಗಿಟಾರಿನ ಕುತ್ತಿಗೆ ಯಾವ ಕಡೆಗುಂಟೋ ನಂದೂ ಅದೇ ಕಡೆಗೆ! ಕನ್ನಡಿ ನೋಡಿದ ಹಾಗೆ ಉಂಟಲ್ಲ!"

ನಿಜವೇ! ಉಳಿದವರೆಲ್ಲ ಎದುರು ಕೂತ ಮಾಸ್ತರರ ಕೈಯನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡು ಕಲಿಯಬೇಕು. ತಿರುಗಿಸಿ ಹಿಡಿದ ನನ್ನ ಚಿಕ್ಕಪ್ಪನಿಗೆ ಮಾತ್ರ ಎಲ್ಲ ನೆಟ್ಟಗೆ ಕಾಣುತ್ತಿತ್ತು. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತ ತಜ್ಞೆಗೆ ಇದು ಹೊಳೆಯಿತೇ? ಹೆಮ್ಮೆಯಿಂದ ಹಿಗ್ಗಿ, ಯಾರೂ ಕೇಳದಿದ್ದರೂ, "ನಮ್ಮ ಚಿಕ್ಕಪ್ಪ" ಎಂದು ಅಂಗಡಿಯವನಿಗೆ ಹೇಳಿಕೊಂಡೆ. ಒದ್ದೆ ಬೆರಳಿಗೂ ಪರದೆ ಓಗೊಡುತ್ತದೆಯೇ ಎಂದು ಚಿಕ್ಕಪ್ಪ ಬಾಟಲಿ ನೀರು ಚಿಮುಕಿಸಿ ನೋಡುವ ಮೊದಲೇ ಅವನು ಅವಸರದಿಂದ ಅದನ್ನು ಪ್ಯಾಕ್ ಮಾಡಿಕೊಟ್ಟ!

ಭಾನುವಾರ ಟ್ಯಾಬ್ಲೆಟ್ ಊಟದ ಮೇಜಿನ ಮೇಲೆ ನಿಂತಿತು. ಟೀಚರ್ ಮೂಲತಃ ಹುಬ್ಬಳ್ಳಿ ಕಡೆಯವಳು. ನಮಸ್ಕಾರ ಆದೊಡನೆ, "ಅಂಕಲ್, ಎರಡೂ ಕೈ ಕ್ಯಾಮೆರಾಕ್ಕ ತೋರಸ್ರಿ. ಬೆರಳು ನೋಡ್ಬೇಕು" ಎಂದಳು.

ನಲವತ್ತು ವರ್ಷ ಆ ಎಡಗೈಯನ್ನು ಚಿಕ್ಕಪ್ಪ ಗಲ್ಲಾದ ಮರೆಯಲ್ಲಿ, ಹೆಗಲ ಮೇಲಿನ ಬೈರಾಸು ಟವೆಲಿನಡಿಯಲ್ಲಿ ಅಡಗಿಸಿದವರು. ನನ್ನ ಮದುವೆಯ ಫೋಟೋದಲ್ಲೂ ಅದು ಜೇಬಿನೊಳಗಿದೆ. ಕ್ಯಾಮೆರಾ ಆರಿಸಲು ನಾನು ಬೆರಳು ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲನೆ ಸರಿಸಿದರು. ಎಡಗೈ ಎತ್ತಿ, ಪರದೆಯ ತುಂಬ ಕಾಣುವಂತೆ, ಐದೂ ಬೆರಳು ಬಿಡಿಸಿ ಹಿಡಿದರು.

ಅವಳು ಒಂದು ಗಳಿಗೆ ನೋಡಿದಳು. "ಹೆಬ್ಬೆಟ್ಟು, ತೋರುಬೆರಳು ಛಲೋ ಅದಾವ್ರಿ. ತಂತಿ ಮೀಟೂ ಪಿಕ್ ಹಿಡಿಲಿಕ್ಕೆ ಅಷ್ಟೇ ಸಾಕು. ಶುರು ಮಾಡೂಣ್ರಿ?"

"ಮಾಡುವ" ಎಂದರು ಚಿಕ್ಕಪ್ಪ.

ಪಾಠ ಮುಗಿಯಿತು. ಚಿಕ್ಕಮ್ಮ ಚಹಾ ತಂದಿಟ್ಟರು. ಚಿಕ್ಕಪ್ಪ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡರು.