ನಾನು ಬೆಳೆದ ಕರಬೂಜ

ನನ್ನ ಕೆಲಸ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು. ದಿನವಿಡೀ ಪರರ ತಪ್ಪು ಹುಡುಕುವವನಿಗೆ ತನ್ನ ತಪ್ಪು ಕಾಣುವುದಿಲ್ಲ ಎಂಬುದಕ್ಕೆ ನಮ್ಮ ಹಿತ್ತಲೇ ಸಾಕ್ಷಿ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಹಿತ್ತಲಿನಲ್ಲಿ ಬಿಸಿಲು ಬೀಳುವುದು ಒಂದೇ ಪಾತಿಗೆ. ಅಲ್ಲಿ, ತೀರಿಕೊಂಡ ತನ್ನ ಅಮ್ಮ ಕೂಡಿಟ್ಟಿದ್ದ ಸೋರೆಬೀಜ ಹಾಕಬೇಕೆಂದು ನನ್ನವಳ ಆಸೆ. ಹಳೆಯ ಮಾತ್ರೆ ಡಬ್ಬಿಯಲ್ಲಿ ಉಳಿದಿದ್ದುದು ನಾಲ್ಕೇ ಬೀಜ.

"ಸೋರೆಕಾಯಿ ಯಾರು ಬೇಕಾದ್ರೂ ಬೆಳೀತಾರೆ ಕಣೆ," ಎಂದೆ. "ನಾನು ತರಿಸಿರೋದು ಕರಬೂಜದಲ್ಲೇ ರಾಜತಳಿ. ನಲವತ್ತು ತಳಿ ಬಗ್ಗೆ ಓದಿ ಆರಿಸಿದ್ದೀನಿ."

"ಓದೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ," ಎಂದು ಡಬ್ಬಿ ಹಿಡಿದು ಒಳಗೆ ಹೋದಳು.

ಹತ್ತು ಬೀಜ ಊರಿದೆ. ಮೊಳೆತದ್ದು ಒಂದು. ಆ ಒಂದೇ ಬಳ್ಳಿ ನಾನು ಕಟ್ಟಿದ ಚಪ್ಪರವನ್ನೆಲ್ಲ ಆಕ್ರಮಿಸಿ ಬಚ್ಚಲುಮನೆಯ ಸೂರಿಗೂ ದಂಡೆತ್ತಿ ಹೋಯಿತು. ಮಾವನವರಿಗೆ ಫೋನು ಮಾಡಿ ಕೊಚ್ಚಿಕೊಂಡೆ. (ಅವರು ಮೂವತ್ತು ವರ್ಷ ಬೀಜದ ಅಂಗಡಿ ನಡೆಸಿದವರು. ಅವರೆದುರು ಒಮ್ಮೆಯಾದರೂ ಸೈ ಅನ್ನಿಸಿಕೊಳ್ಳಬೇಕೆಂಬುದು ಮದುವೆಯಾದಂದಿನಿಂದ ನನ್ನ ಹಟ.) ಕರಬೂಜದ ಹೂವು ಹಳದಿ ಎಂದು ಪುಸ್ತಕದಲ್ಲಿತ್ತು, ನಮ್ಮದು ಬಿಳಿ. ಅಚ್ಚಿನ ದೋಷವೆಂದು ಪೆನ್ನು ತೆಗೆದು ಪುಸ್ತಕವನ್ನೇ ತಿದ್ದಿದೆ.

ಬಳ್ಳಿಯಲ್ಲಿ ಒಂದೇ ಒಳ್ಳೆಯ ಕಾಯಿ ಉಳಿಸಿ ಮಿಕ್ಕದ್ದನ್ನು ತೆಗೆಯಬೇಕೆಂದೂ ಅದರಲ್ಲಿತ್ತು. ನಮ್ಮ ಮಿಡಿಗಳೆಲ್ಲ ಉದ್ದುದ್ದ, ಮೈತುಂಬ ರೋಮ. ದುಂಡಗಿನದೊಂದು ಬರಲಿ ಎಂದು, ಅವಳು ಏಳುವ ಮೊದಲೇ ದಿನಾ ಅವನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ದುಂಡಗಿನದು ಬರಲೇ ಇಲ್ಲ.

ಅಷ್ಟರಲ್ಲಿ, "ಬಳ್ಳಿ ನೋಡೋಕೆ ಅಪ್ಪ ಭಾನುವಾರ ಬರ್ತಾರಂತೆ," ಎಂದಳು. ಶನಿವಾರ ಮಾರುಕಟ್ಟೆಯಿಂದ ಒಂದು ಕರಬೂಜ ತಂದು, ಈರುಳ್ಳಿಯ ಬಲೆಚೀಲದಲ್ಲಿಟ್ಟು, ತೊಟ್ಟಿನ ಜಾಗಕ್ಕೆ ಎಲೆ ಮರೆ ಮಾಡಿ ಚಪ್ಪರಕ್ಕೆ ತೂಗುಹಾಕಿದೆ.

ಮಾವ ಬಂದರು. ಹಣ್ಣು ನೋಡಿದರು, ಎಲೆ ಮುಟ್ಟಿದರು, ಹೂವು ನೋಡಿದರು.

"ಅಳಿಯಂದ್ರೇ, ಸೋರೆಬಳ್ಳೀಲಿ ಕರಬೂಜ ಬಿಡಿಸಿದ್ದೀರಿ. ನಾನು ಅಂಗಡಿ ಮುಚ್ಚಿದ್ದೇ ಒಳ್ಳೇದಾಯ್ತು."

ನನ್ನವಳು ಹಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಬೀಜ ಒಂದೂ ಹುಟ್ಟಲಿಲ್ಲ ರೀ. ಅಮ್ಮನ ನಾಲ್ಕು ಬೀಜಾನೂ ಅದೇ ಪಾತೀಲಿ ಊರಿದ್ದೆ, ಒಂದು ಬಂತು. ಹೇಳಿದ್ರೆ ಕಿತ್ತುಹಾಕ್ತೀರಿ ಅಂತ ಸುಮ್ಮನಿದ್ದೆ. ಒಂದು ಕಾಯೂ ನಿಲ್ತಿಲ್ಲ, ಏನು ರೋಗ ನೋಡಿ ಅಂತ ಅಪ್ಪನ್ನ ಕರೆಸಿದ್ದು."

ಮಾವ ಗೊಬ್ಬರದ ಗುಂಡಿಯತ್ತ ನೋಡಿದರು. ರೋಗ ನಾನೇ ಎಂದು ಒಪ್ಪಿಕೊಂಡೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳು ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮಾವನೇ ಏಣಿ ಹತ್ತಿ, ಬಚ್ಚಲುಮನೆಯ ಸೂರಿನ ಮೇಲೆ ನನ್ನ ಕತ್ತರಿಗೆ ಎಟುಕದೆ ಮಲಗಿದ್ದ ಒಂದು ಸೋರೆಕಾಯಿ ಪತ್ತೆ ಹಚ್ಚಿದರು. ಅದನ್ನು ಬೀಜಕ್ಕೆ ಬಿಡುವುದೆಂದು ತೀರ್ಮಾನವಾಯಿತು. ಊಟದ ಹೊತ್ತಿಗೆ ಅವಳು ಕರಬೂಜವನ್ನು ಇಡಿಯಾಗಿ ನನ್ನ ಮುಂದಿಟ್ಟಳು. "ನಿಮ್ಮ ಬೆಳೆ, ನೀವೇ ತಿನ್ನಿ."

ಈಗ ದಿನಾ ಬೆಳಗ್ಗೆ ಏಣಿ ಹತ್ತಿ ಆ ಕಾಯಿಯ ಕ್ಷೇಮ ವಿಚಾರಿಸಿ ಅವಳಿಗೆ ವರದಿ ಒಪ್ಪಿಸುತ್ತೇನೆ. ಹತ್ತುವ ಮೊದಲು ಎರಡೂ ಕೈ ತೋರಿಸಬೇಕು. ಕತ್ತರಿ ಅವಳ ಬೀರುವಿನಲ್ಲಿದೆ; ಮೀಸೆ ಕತ್ತರಿಸಿಕೊಳ್ಳುವುದಿದ್ದರೂ ಅವಳೆದುರೇ ಕೂರಬೇಕು.