ಅಪ್ಪ ಒತ್ತಿದ ಕೆಂಪು ಗುಂಡಿ

"ಇನ್ನು ಮೇಲೆ ನನ್ನ ಮಗಳು ಏನಾಗಬೇಕು ಅನ್ನೋದನ್ನ ನನ್ನ ಮಗಳೇ ತೀರ್ಮಾನ ಮಾಡ್ತಾಳೆ. ಅಡ್ಡ ಬರೋರು ಯಾರೇ ಆಗ್ಲಿ, ಮೊದಲು ನನ್ನನ್ನ ದಾಟಿ ಹೋಗ್ಬೇಕು."

ಊಟದ ಮೇಜಿನ ಮುಂದೆ ಎದ್ದು ನಿಂತು, ಸೌಟನ್ನು ಖಡ್ಗದಂತೆ ಎತ್ತಿ ಹಿಡಿದು, ಔಷಧಿ ಅಂಗಡಿಯ ಯಜಮಾನ ಹೀಗೆ ಘೋಷಿಸಿದ. ಹೆಂಡತಿ ಸೌಟನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ನಿಮ್ಮಕ್ಕನೂ ದಾಟಿ ಹೋಗ್ಬೇಕಾ?"

ಯಜಮಾನ ಮೆಲ್ಲಗೆ ಕೂತ.

ಅಕ್ಕ ಎಂದರೆ ಅಂತಿಂಥ ಅಕ್ಕ ಅಲ್ಲ, ನಿವೃತ್ತ ಮುಖ್ಯೋಪಾಧ್ಯಾಯಿನಿ. ತಾಯಿಯಿಲ್ಲದ ತಮ್ಮನನ್ನು ತಲೆ ಬಾಚಿ, ಕಿವಿ ಹಿಂಡಿ ದೊಡ್ಡವನನ್ನಾಗಿ ಮಾಡಿದವಳು. ಅವಳ ಫೋನ್ ಬಂದರೆ ಯಜಮಾನ ಇವತ್ತಿಗೂ ಎದ್ದು ನಿಂತೇ ಮಾತಾಡುತ್ತಾನೆ. ತಮ್ಮನ ಮಗಳು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಬೇಕೆಂದು ಅವಳು ಎಂದೋ ನಿರ್ಧರಿಸಿಯಾಗಿತ್ತು. ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ ಮಗಳೋ, ಲಿಫ್ಟ್ ಜೋಡಿಸಿ ರಿಪೇರಿ ಮಾಡುವ, ಅವರ ಕಟ್ಟಡದ ಲಿಫ್ಟನ್ನೂ ನೋಡಿಕೊಳ್ಳುವ ಕಂಪನಿಯೊಂದರ ತರಬೇತಿಗೆ ಆಯ್ಕೆಯಾಗಿ ಕೂತಿದ್ದಳು. ಸೋಮವಾರ ಒಪ್ಪಿಗೆ ತಿಳಿಸಬೇಕು. ಭಾನುವಾರ ಅಕ್ಕ ಬರುತ್ತಾಳೆ.

"ನೀವು ದೊಡ್ಡದೇನೂ ಮಾಡ್ಬೇಡಿ ಅಪ್ಪ," ಎಂದಳು ಮಗಳು. "'ಅವಳು ಆರಿಸಿಕೊಂಡಿದ್ದಾಳೆ, ನಾನು ಒಪ್ಪಿದ್ದೀನಿ' ಅಂತ ಅತ್ತೆಗೆ ಒಂದು ಮಾತು ಹೇಳಿ, ಸಾಕು. ಹೇಳದಿದ್ರೂ ನಾನು ಸೇರೋಳೇ. ಹೇಳಿದ್ರೆ ಖುಷಿಯಾಗುತ್ತೆ, ಅಷ್ಟೇ."

ಆ ಒಂದು ಮಾತೇ ಯಜಮಾನನ ಗಂಟಲಲ್ಲಿ ಮಾತ್ರೆಯಂತೆ ಸಿಕ್ಕಿಕೊಂಡಿತು. ಕನ್ನಡಿಯ ಮುಂದೆ ಅಭ್ಯಾಸ ಮಾಡಲು ಹೋದರೆ ಅಲ್ಲಿ ಅಕ್ಕನ ಮೂಗೇ ಕಂಡಿತು. ಇಬ್ಬರದೂ ಒಂದೇ ಅಚ್ಚು. ಬಾಯಿಂದ ಆಗದ್ದನ್ನು ಕಾರ್ಯದಲ್ಲಿ ಸಾಧಿಸಿ ತೋರಿಸುವುದೆಂದು ಅವನು ಪಣ ತೊಟ್ಟ.

ಯೋಜನೆ ಸರಳವಾಗಿತ್ತು. ಅಕ್ಕನನ್ನು ತಾನೇ ಕಟ್ಟಡದ ಲಿಫ್ಟಿನಲ್ಲಿ ಮನೆಗೆ ಕರೆತರುವುದು. ನಡುವೆ ಎಲ್ಲೋ ಮೊಣಕೈಯಿಂದ ನಿಲ್ಲಿಸುವ ಕೆಂಪು ಗುಂಡಿ ಒತ್ತುವುದು. ಮಗಳು ಓಡಿ ಬಂದು ಬಿಡಿಸುವುದು. ಅಕ್ಕ ಅವಳನ್ನು ಅಪ್ಪಿಕೊಳ್ಳುವುದು. ಆನಂದಬಾಷ್ಪದವರೆಗೆ ಎಲ್ಲವೂ ತಲೆಯಲ್ಲಿ ಸಿದ್ಧವಾಗಿತ್ತು. ಒತ್ತಿದ ಗುಂಡಿ ಮತ್ತೆ ಮೇಲೇಳದಿದ್ದರೆ ಏನು ಮಾಡುವುದು ಎನ್ನುವುದೊಂದು ಹೊಳೆದಿರಲಿಲ್ಲ.

ಗುಂಡಿ ಒತ್ತುವುದಕ್ಕೂ ಗುಂಡಿಗೆ ಬೇಕು. ಭಾನುವಾರ ಯಜಮಾನ ಕಣ್ಣು ಮುಚ್ಚಿಕೊಂಡು, ಇದ್ದ ಬಲವನ್ನೆಲ್ಲ ಮೊಣಕೈಗೆ ತಂದು ಒತ್ತಿಯೇಬಿಟ್ಟ. ಲಿಫ್ಟ್ ಗಕ್ಕನೆ ನಿಂತಿತು. ವರ್ಷಗಟ್ಟಲೆ ಯಾರೂ ಮುಟ್ಟದ ಆ ಗುಂಡಿ ಒಳಗೇ ಹೂತುಹೋಯಿತು. ದೀಪ ಆರಿತು. ಫ್ಯಾನ್ ನಿಂತಿತು. ಅಕ್ಕನ ಪೆಟ್ಟಿಗೆ ಯಜಮಾನನ ಕಾಲ ಮೇಲೆ ಬಿತ್ತು.

ಅವನ ಕೂಗಿಗೆ ಕಟ್ಟಡವೇ ನೆರೆಯಿತು. ಮೂರನೇ ಮಹಡಿಯ ವಕೀಲರು ಕಬ್ಬಿಣದ ಸರಳು ಹಿಡಿದು ಬಂದರು. ಅಷ್ಟರಲ್ಲಿ ಮಗಳ ದನಿ ಕೇಳಿತು.

"ಸರಳು ಕೆಳಗಿಡಿ ಸಾರ್."

"ಬಾಗಿಲು ಮೀಟಿದ್ರೆ ಎರಡು ನಿಮಿಷದಲ್ಲಿ ಹೊರಗೆ ಬರ್ತಾರಮ್ಮ."

"ಲಿಫ್ಟ್ ಎರಡು ಮಹಡಿ ನಡುವೆ ನಿಂತಿದೆ. ಬಾಗಿಲು ತೆರೆದ್ರೆ ಹೊರಗೆ ಬರಲ್ಲ, ಲಿಫ್ಟಿನ ಕೆಳಗಿರೋ ಹಳ್ಳಕ್ಕೆ ಬೀಳ್ತಾರೆ. ಕಂಪನಿಗೆ ಫೋನ್ ಮಾಡಿದ್ದೀನಿ, ಅವರು ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ನಾನು ಈ ಕಟ್ಟಡದ ಸಂಘದ ಅಧ್ಯಕ್ಷ ಕಣಮ್ಮ."

"ಯಾರೂ ಅಂದ್ರೆ ಅಧ್ಯಕ್ಷರೂ ಸೇರಿದ ಹಾಗೇ ಸಾರ್."

ಒಳಗೆ ಯಜಮಾನ ಬೆವೆತು ಹೋಗಿದ್ದ. "ಮಗಳೇ, ನೀನೇ ಬಿಡಿಸಬಾರದೇನೇ?"

"ನಾನಿನ್ನೂ ಕಲಿತಿಲ್ಲ ಅಪ್ಪ. ಕಲಿಯದೆ ಕೈ ಹಾಕಲ್ಲ. ಅತ್ತೆ, ಗಾಳಿ ಬರ್ತಿದೆ ತಾನೇ? ಪೆಟ್ಟಿಗೆ ಮೇಲೆ ಕೂತ್ಕೊಳ್ಳಿ, ಭಯ ಬೇಡ."

ಕತ್ತಲಲ್ಲಿ ಅಕ್ಕ ಪೆಟ್ಟಿಗೆಯ ಮೇಲೆ ಕೂತಳು. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೇಳಿದಳು. "ನಿನ್ನ ಮೊಣಕೈ ಯಾಕೋ ಆ ಗುಂಡಿ ಕಡೆ ಹೋಗಿತ್ತು?"

ಕಿವಿ ಹಿಂಡಿಸಿಕೊಂಡು ಬೆಳೆದವನಿಗೆ ಆ ದನಿಯ ಮುಂದೆ ಸುಳ್ಳು ಹೇಳುವುದು ಗೊತ್ತಿರಲಿಲ್ಲ. ಅಕ್ಕನ ಮುಖ ಕಾಣಿಸುತ್ತಿಲ್ಲ ಎಂಬ ಧೈರ್ಯದಲ್ಲಿ ಯಜಮಾನ ಎಲ್ಲವನ್ನೂ ಕಕ್ಕಿದ. ಕೊನೆಗೆ, ಹೊರಗಿದ್ದವರಿಗೂ ಕೇಳುವ ಹಾಗೆ ಅಂದ:

"ಅವಳು ಪಾಠ ಹೇಳೋ ಕೆಲಸಕ್ಕೆ ಹೋಗಲ್ಲ ಅಕ್ಕ. ಲಿಫ್ಟ್ ಕೆಲಸ ಆರಿಸಿಕೊಂಡಿದ್ದಾಳೆ. ನಾನು ಒಪ್ಪಿದ್ದೀನಿ. ನೀನು ಬೇಡ ಅಂದ್ರೂ ಒಪ್ಪಿದ್ದೀನಿ."

ಹುಟ್ಟಿದಾಗಿನಿಂದ ಯಜಮಾನ ಅಕ್ಕನಿಗೆ ಎದುರಾಡಿದ್ದು ಅದೇ ಮೊದಲು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇಷ್ಟು ಹೇಳೋಕೆ ನನ್ನನ್ನ ಡಬ್ಬಿಗೆ ಹಾಕಿ ಮುಚ್ಚಬೇಕಿತ್ತೇನೋ?" ಎಂದಳು ಅಕ್ಕ.

ಕಂಪನಿಯ ಮೆಕ್ಯಾನಿಕ್ ಬಂದು, ಮೇಲಿನ ಯಂತ್ರದ ಕೋಣೆಗೆ ಹೋಗಿ, ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದ. ಬಾಗಿಲು ತೆರೆಯಿತು. ಅಕ್ಕ ಹೊರಬಂದವಳೇ ನೇರ ತಮ್ಮನ ಮಗಳ ಮುಂದೆ ನಿಂತಳು.

"ಅವರಿಗೆ ಒಪ್ಪಿಗೆ ತಿಳಿಸಿದ್ಯಾ?"

"ನಾಳೆ ತಿಳಿಸ್ತೀನಿ. ನೀವು ಬೈದ್ರೂ ತಿಳಿಸ್ತೀನಿ ಅತ್ತೆ."

"ಬೈಯೋಕೆ ನನಗೆ ಬೇರೆಯವನಿದ್ದಾನೆ. ಒಬ್ಬ ವಕೀಲನ ಬಾಯಿ ಮುಚ್ಚಿಸಿದೋಳು ನೀನು, ನಾಳೆವರೆಗೆ ಯಾಕೆ ಕಾಯ್ತೀಯ? ಇವತ್ತೇ ತಿಳಿಸು."

ಯಜಮಾನನ ಎದೆ ಉಬ್ಬಿತು. ಎಲ್ಲ ತನ್ನ ಯೋಜನೆಯ ಫಲ ಎಂಬಂತೆ ಒಂದು ಕಾಲು ಕುಂಟುತ್ತಾ, ಕೈ ಬೀಸುತ್ತಾ ಹೊರಬಂದ. ಮೆಕ್ಯಾನಿಕ್ ಲಿಫ್ಟಿನೊಳಗೆ ಬಗ್ಗಿ ನೋಡಿ, ಹೂತುಹೋದ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದ.

"ಇದು ತಾನಾಗಿ ಕೆಟ್ಟಿದ್ದಲ್ಲ, ಯಾರೋ ಗುದ್ದಿದ್ದಾರೆ," ಎಂದು ಅವನು ಮಗಳ ಕಡೆ ತಿರುಗಿದ. "ಫೋನ್ ಮಾಡಿದ್ದು ನೀವೇ ತಾನೇ, ನಮ್ಮಲ್ಲಿ ತರಬೇತಿಗೆ ಆಯ್ಕೆಯಾದೋರು? ಈ ಯಜಮಾನರು ನಿಮ್ಮ ಕಡೆಯವರಾ?"

ಮಗಳು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಇಲ್ಲ ಸಾರ್. ಅತ್ತೆ ಜೊತೆ ಬಂದೋರು."