ನನಗೆ ಕೇಳಿಸದ ನನ್ನ ಫೋನಿನ ಹಾಡು

ಎಲ್ಲದರಲ್ಲೂ ಒಳಾರ್ಥ ಹುಡುಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲೋಕಲ್ ರೈಲುಗಾಡಿಯ ಬಾಗಿಲಲ್ಲೇ ನಿಂತು, ಇಳಿಯುವವರಿಗೆ ದಾರಿ ಬಿಡದೆ ಕೂದಲು ಬಾಚಿಕೊಳ್ಳುವ ಹೆಂಗಸರನ್ನಾದರೂ ಕ್ಷಮಿಸಿಯೇನು, ಇವರನ್ನು ಮಾತ್ರ ಇಲ್ಲ. ನನ್ನ ಅತ್ತೆಯವರನ್ನೇ ನೋಡಿ. ಸಂಜೆಯ ಹಿಂದಿ ಸೀರಿಯಲ್ಲಿನಲ್ಲಿ ಸೊಸೆಯೊಬ್ಬಳು ಎದುರು ಮಾತಾಡಿದಳೋ, ಇವರು ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ತಿರುಗಿ, "ಎಲ್ಲ ಮನೆಯಲ್ಲೂ ಇದ್ದದ್ದೇ" ಎನ್ನುತ್ತಾರೆ. ಗೋಡೆಯ ಆಚೆಗೆ ಅಡುಗೆಮನೆ, ಅಡುಗೆಮನೆಯಲ್ಲಿ ನಾನು. ಠಾಣೆ ಪಟ್ಟಣದ ಆಫೀಸಿನಲ್ಲಿ ದಿನವಿಡೀ ದುಡಿದು, ಗಾಡಿಯಲ್ಲಿ ನಿಂತುಕೊಂಡೇ ಡೊಂಬಿವಿಲಿಯ ಮನೆಗೆ ಬಂದವಳಿಗೆ ಇದನ್ನೂ ಕೇಳುವ ಯೋಗ! ನಾನೂ ಸ್ಟೀಲಿನ ತಟ್ಟೆಗಳನ್ನು ಒಂದರ ಮೇಲೊಂದು ಸ್ವಲ್ಪ ಜೋರಾಗಿಯೇ ಇಡುತ್ತೇನೆ. ಕೋಪರಿಯಲ್ಲಿ ಸಣ್ಣದೊಂದು ಹೋಟೆಲು ನಡೆಸುವ ನನ್ನ ಯಜಮಾನರು, "ಸೀರಿಯಲ್ ಬರೆಯುವವರಿಗೆ ನಿಮ್ಮಿಬ್ಬರ ಗುರುತೇ ಇಲ್ಲ ಮಾರಾಯ್ತಿ" ಎಂದು ಸಮಾಧಾನ ಹೇಳುತ್ತಾರೆ. ಗುರುತಿಲ್ಲದೆ ಅಷ್ಟು ಸರಿಯಾಗಿ ಬರೆಯುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಇರಲಿ, ಈಗ ಹೇಳಹೊರಟದ್ದು ನನ್ನ ಫೋನಿನ ಕಥೆ. ಗುಂಡಿ ಒತ್ತುವ ಮೊಬೈಲುಗಳ ಕಾಲ ಅದು. ಯಾರಾದರೂ ನಮಗೆ ಫೋನ್ ಮಾಡಿದರೆ ಅವರ ಕಿವಿಗೆ ಟ್ರಿಣ್ ಟ್ರಿಣ್ ಬದಲು ಹಾಡು ಕೇಳಿಸುವ ಹುಚ್ಚೊಂದು ಆಗ ಶುರುವಾಗಿತ್ತು. ಕಾಲರ್ ಟ್ಯೂನ್ ಅಂತ. ಇದನ್ನು ಕಂಡುಹಿಡಿದ ಮಹಾನುಭಾವ ಯಾರೋ ಕಾಣೆ. ಹಾಡು ಊರಿಗೆಲ್ಲ ಕೇಳಿಸುತ್ತದೆ, ಫೋನಿನ ಒಡತಿಗೆ ಮಾತ್ರ ಕೇಳಿಸುವುದಿಲ್ಲ. ಬೆನ್ನಿಗೆ ಚೀಟಿ ಅಂಟಿಸಿಕೊಂಡು ಬೀದಿಯಲ್ಲಿ ತಿರುಗಿದ ಹಾಗೆ. ನಾನು ಟಿಟ್ವಾಳಾ ಗಣಪತಿಯ ದರ್ಶನ ಮಾಡಿ ಬಂದ ಭಕ್ತಿಯಲ್ಲಿ ಒಂದು ಗಣೇಶ ಸ್ತೋತ್ರ ಹಾಕಿಸಿದ್ದೆ. ನನಗೆ ಫೋನ್ ಮಾಡಿದವರಿಗೆಲ್ಲ ಅಷ್ಟಿಷ್ಟು ಪುಣ್ಯ ಹಂಚುತ್ತಿದ್ದೇನೆಂದು ನಂಬಿಕೊಂಡಿದ್ದೆ.

ಆಗ ನಮ್ಮ ನಾದಿನಿ ವಿನಯಾಳಿಗೆ ಗಂಡು ನೋಡುತ್ತಿದ್ದೆವು. ವಿನಯಾ ಡೊಂಬಿವಿಲಿಯಲ್ಲೇ ಹುಟ್ಟಿ ಬೆಳೆದವಳು. ನಮ್ಮ ಕುಂದಾಪುರದ ಕನ್ನಡ ಅಷ್ಟೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಘಣಸೋಲಿಯ ಒಂದು ಕಂಪನಿಯಲ್ಲಿ ಕೆಲಸ. ಕಲ್ಯಾಣದ ಕುಸುಮಕ್ಕ ಎಂಬವರು ಒಂದು ಭಾನುವಾರ ಮಗನನ್ನು ಕರೆದುಕೊಂಡು ಬಂದರು. ಹುಡುಗ ಒಳ್ಳೆಯವನು, ಲಕ್ಷಣವಾಗಿದ್ದ. ಕುಸುಮಕ್ಕ ನನ್ನ ನೀರ್‌ದೋಸೆಯನ್ನು ಹೊಗಳಿ, ನನ್ನ ನಂಬರು ಬರೆದುಕೊಂಡು, "ನಾವು ಫೋನ್ ಮಾಡ್ತೇವೆ" ಎಂದು ಹೋದರು.

ಫೋನ್ ಬರಲಿಲ್ಲ. ಗಾಡಿಯ ಗದ್ದಲದಲ್ಲಿ ಕೇಳಿಸದೆ ಹೋದೀತೆಂದು ನಾನು ಚೀಲದಿಂದ ಆಗಾಗ ತೆಗೆದು ನೋಡಿದ್ದೇ ನೋಡಿದ್ದು. ಒಂದೆರಡು ಅಪರಿಚಿತ ನಂಬರಿನ ಮಿಸ್ಡ್ ಕಾಲ್ ಬಿಟ್ಟರೆ ಏನಿಲ್ಲ. ಅಂಥವನ್ನು ನಾನು ತಿರುಗಿ ಕರೆಯುವವಳಲ್ಲ, ಲೋನ್ ಬೇಕಾ ಎಂದು ಕೇಳುತ್ತಾರೆ. ಅತ್ತೆಯವರು ಊಟ ಬಿಡುವುದೊಂದು ಬಾಕಿ. ಕೊನೆಗೆ ಹುಡುಗ ಕೊಟ್ಟುಹೋಗಿದ್ದ ಮೊಬೈಲ್ ನಂಬರಿಗೆ ನಾನೇ ಮಾಡಿದೆ; ಅವನು ತಾಯಿಗೆ ಕೊಟ್ಟ.

"ನಿಮ್ಮ ಮನಸ್ಸು ಗೊತ್ತಾಯ್ತಮ್ಮ" ಎಂದರು ಕುಸುಮಕ್ಕ. "ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತು. ಹಾಡು ಕಟ್ಟಿ ಹೇಳಿಸುವ ಅಗತ್ಯ ಇರಲಿಲ್ಲ."

ಫೋನ್ ಇಟ್ಟೇಬಿಟ್ಟರು! ಹಾಡಂತೆ, ಕಟ್ಟುವುದಂತೆ! ನನಗೆ ತಡೆಯಲಾಗದ ಸಿಟ್ಟು ಬಂತು. ಆಫೀಸು ಬಿಟ್ಟವಳು ಡೊಂಬಿವಿಲಿಯಲ್ಲಿ ಇಳಿಯದೆ ನೇರ ಕಲ್ಯಾಣಕ್ಕೆ ಹೋದೆ.

ಕುಸುಮಕ್ಕ ಬಾಗಿಲು ತೆರೆದು, ನೀರು ಕೊಟ್ಟು, ಮನೆಯ ಫೋನಿನಿಂದ ನನ್ನ ನಂಬರು ಒತ್ತಿ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ತೊಡೆಯ ಮೇಲಿದ್ದ ಚೀಲದಲ್ಲಿ ನನ್ನ ಫೋನು ರಿಂಗಾಗತೊಡಗಿತು. ತೆಗೆದು ನೋಡಿದರೆ ಅದೇ ಅಪರಿಚಿತ ನಂಬರು. ಕಿವಿಯಲ್ಲಿ ಒಬ್ಬ ಗಂಡಸು ಹಿಂದಿಯಲ್ಲಿ ಗೋಳಾಡುತ್ತಿದ್ದ. ನನ್ನ ಬಾಗಿಲಿಗೆ ಬರಬೇಡ, ಬಂದ ದಾರಿಯಲ್ಲೇ ಹೋಗು, ನಿನ್ನ ನನ್ನ ಸಂಬಂಧ ಇಲ್ಲಿಗೆ ಮುಗಿಯಿತು ಅನ್ನುವ ಅರ್ಥದ ಹಾಡು. ಹಿಂದಿನಿಂದ ಪಿಟೀಲುಗಳು ಬೇರೆ.

"ಪ್ರತಿ ಸಲವೂ ಇವನೇ. ಹೋಗು ಹೋಗು ಅಂತ" ಎಂದರು ಕುಸುಮಕ್ಕ. "ನಾನು ಮಾನಸ್ಥೆ, ಬಿಟ್ಟುಬಿಟ್ಟೆ."

"ಅಯ್ಯೋ ಕುಸುಮಕ್ಕ, ನಾನು ಹಾಕಿಸಿದ್ದು ಗಣಪತಿಯದ್ದು!" ಎಂದು ಕೂಗಿದೆ. "ಇದು ಕಂಪನಿಯವರ ಕಿತಾಪತಿ. ಸಿನಿಮಾ ಹಾಡಲ್ಲಿ ಯಾರಾದರೂ ಸಂದೇಶ ಕಳಿಸ್ತಾರಾ? ನಮ್ಮ ವಿನಯಾ ನಿಮ್ಮ ಮಗನನ್ನು ಬಹಳ ಮೆಚ್ಚಿಕೊಂಡಿದ್ದಾಳೆ. ದೇವರಾಣೆ!" ಹಾಡಿನಲ್ಲಿ ಒಳಾರ್ಥ ಹುಡುಕುವುದು ಎಂಥ ಅವಿವೇಕ ಎಂದು ಪುಟ್ಟ ಭಾಷಣವನ್ನೇ ಮಾಡಿದೆ. ಕುಸುಮಕ್ಕನಿಗೆ ನಗು ಬಂತು. ಕಾಫಿ ಬಂತು. ಮುಂದಿನ ವಾರವೇ ಮಾತುಕತೆ ಎಂದಾಯಿತು. ಯುದ್ಧ ಗೆದ್ದ ಸೇನಾಪತಿಯಂತೆ ಮನೆಗೆ ಮರಳಿದೆ.

ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಕಂಪನಿಯನ್ನು ಬೈಯಲು ಶುರುಮಾಡಿದೆ. ಯಜಮಾನರ ಮುಖ ಒಮ್ಮೆಲೆ ಅರಳಿತು. "ಹಾಗಾದರೆ ಆ ಹಾಡು ನನಗಲ್ಲವಾ?" ಎಂದರು. ಪಾಪ, ಅದನ್ನು ಕೇಳಿದಂದಿನಿಂದ ಬೇಗ ಬೇಗ ಮನೆಗೆ ಬಂದು, ಕೇಳದೆಯೇ ಮೈಸೂರುಪಾಕು ತಂದುಕೊಡುತ್ತಿದ್ದರು. ನಾನು ಅದನ್ನು ಪ್ರೀತಿಯೆಂದುಕೊಂಡಿದ್ದೆ.

ಆಗ ವಿನಯಾ ಕೋಣೆಯಿಂದ ಹೊರಗೆ ಬಂದಳು. "ಕಂಪನಿ ನೆ ನಹೀ, ಮೈನೆ ಲಗಾಯಾ ಥಾ, ವಹಿನಿ." ಕಂಪನಿಯಲ್ಲ ಅತ್ತಿಗೆ, ಹಾಕಿದ್ದು ನಾನೇ ಅಂತ.

ನಾನು ಚಪ್ಪಲಿಯನ್ನೂ ಬಿಚ್ಚಿರಲಿಲ್ಲ. "ಯಾಕೆ?"

"ಮುಹ್ ಸೆ ಬೋಲಾ ತೋ ಆಪ್ ಲೋಗೋಂ ನೆ ಸುನಾ ನಹೀ." ಬಾಯಿಬಿಟ್ಟು ಹೇಳಿದರೆ ನಾವು ಕೇಳಲಿಲ್ಲವಂತೆ.

ನಿಜ. ಕುಸುಮಕ್ಕನವರು ಹೊರಟ ಕೂಡಲೇ ಹುಡುಗಿ ಸ್ಪಷ್ಟವಾಗಿ ಹೇಳಿದ್ದಳು, ನನಗೆ ಬೇಡ ಎಂದು. ಹುಡುಗ ಸೌಮ್ಯವಾಗಿಯೇ, ಮದುವೆಯಾದ ಮೇಲೆ ಘಣಸೋಲಿಯ ಕೆಲಸ ಬಿಡಬೇಕಾಗುತ್ತದೆ ಎಂದಿದ್ದನಂತೆ. ಅತ್ತೆಯವರು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿದ್ದರು. ಹುಡುಗಿಯರು ಬೇಡ ಎಂದರೆ ನಾಚಿಕೆ, ನಾಚಿಕೆ ಎಂದರೆ ಒಪ್ಪಿಗೆ ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಅತ್ತೆಯೂ ನಾನೂ ಅಷ್ಟು ವರ್ಷಗಳಲ್ಲಿ ಒಮ್ಮತಕ್ಕೆ ಬಂದ ಒಂದೇ ವಿಷಯ ಅದು.

"ಅಳುತ್ತಿದ್ದೀಯಾ?" ಎಂದೆ.

"ನಹೀ" ಎಂದಳು, ಅಳುತ್ತಾ. ಅಷ್ಟರಲ್ಲಿ ಅತ್ತೆಯವರು ಎದ್ದುಹೋಗಿ ಟಿ.ವಿ. ಆರಿಸಿದರು. ಮಗಳ ಪಕ್ಕದಲ್ಲಿ ಕೂತು, "ಕೆಲಸ ಬಿಡುವುದು ಬೇಡ ಮಗಾ" ಎಂದರು. ನನಗೆ ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ.

ಮರುದಿನ ಕುಸುಮಕ್ಕನಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ತೊದಲುತ್ತಾ, ಕ್ಷಮೆ ಕೇಳುತ್ತಾ ಎಲ್ಲವನ್ನೂ ಹೇಳಿದೆ.

"ಅಂದರೆ ಹಾಡು ನನಗೆ ಸರಿಯಾಗಿಯೇ ಹೇಳಿತ್ತು" ಎಂದರು ಕುಸುಮಕ್ಕ. "ನನಗೂ ಸರಿಯಾಗಿಯೇ ಅರ್ಥವಾಗಿತ್ತು. ನೀವು ಕಲ್ಯಾಣದವರೆಗೆ ಬಂದು, ನನ್ನ ಕಾಫಿ ಕುಡಿದು, ಎಲ್ಲ ಹಾಳು ಮಾಡಿದಿರಿ ನೋಡಿ."